ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಆಫ್-ರೋಡ್: ಹಿಂದಿನ ಸೀಟಿನವರನ್ನು ಕೇಳಿ ಆರಿಸಿ

ಡಾಂಬರು ಬಿಟ್ಟು ಕೆಸರು, ಕಾಡುಹಾದಿಗಳಲ್ಲಿ ಗಾಡಿ ಓಡಿಸುವ ಆಫ್-ರೋಡ್ ಜಾಹೀರಾತುಗಳಲ್ಲಿ ಕಾಣುವುದು ಹೆಚ್ಚುಕಡಿಮೆ ಒಂದೇ ಚಿತ್ರ. ಬಾಗಿಲಿನವರೆಗೆ ಕೆಸರು ಮೆತ್ತಿದ ಲ್ಯಾಂಡ್ ರೋವರ್, ಬಾನೆಟ್ಟಿನ ಎರಡೂ ಬದಿಗೆ ಚಿಮ್ಮುವ ನೀರು, ಸ್ಟಿಯರಿಂಗ್ ಹಿಡಿದು ಹಲ್ಲು ಬಿಡುತ್ತಿರುವ ಒಬ್ಬ ಗಂಡಸು. ಹಿಂದಿನ ಸೀಟಿನಲ್ಲಿರುವ ಹೆಂಡತಿ, ಎಂಟು ವರ್ಷದ ಮಗಳು, ಊರಿನಿಂದ ಕೆಲವು ತಿಂಗಳಿಗೆಂದು ಬಂದಿರುವ ಅಮ್ಮ, ಇವರ ಮುಖ ಮಾತ್ರ ಆ ಚಿತ್ರದಲ್ಲಿ ಬರುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಮನೆಮಂದಿಯೊಂದಿಗೆ ಇಂಥದ್ದೊಂದು ದಿನ ಕಳೆಯಲು ಹೊರಟವರ ಲೆಕ್ಕ ತಪ್ಪುವುದು ಇಲ್ಲಿಯೇ. ಓಡಿಸುವವನಿಗೆ ಆಟ, ಹಿಂದೆ ಕುಳಿತವರಿಗೆ ಕುಲುಕಾಟ. ಹಾಗಾಗಿ ಇಲ್ಲಿ ಪ್ರತಿಯೊಂದು ಆಯ್ಕೆಯನ್ನೂ ನಾನು ತೂಗಿರುವುದು ಹಿಂದಿನ ಸೀಟಿನಿಂದ.

ಕೊಡಚಾದ್ರಿಗೋ ಮಡಿಕೇರಿ ಬಳಿಯ ಮಾಂದಲಪಟ್ಟಿಗೋ ಜೀಪಿನಲ್ಲಿ ಹೋಗಿ ಬಂದವರ ಮನಸ್ಸಿನಲ್ಲಿ ಒಂದು ಅಳತೆಗೋಲು ಮೊದಲೇ ಇರುತ್ತದೆ. ಅಲ್ಲಿ ಓಡಿಸುವವನು ಸ್ಥಳೀಯ ಚಾಲಕ. ಕಂಬಿ ಹಿಡಿದು ಕೂರುವುದಷ್ಟೇ ನಮ್ಮ ಕೆಲಸ. ಗುಡ್ಡದ ನೆತ್ತಿ ಮುಟ್ಟುವುದು ಗುರಿ. ಇಂಗ್ಲೆಂಡಿನಲ್ಲಿ ಇದೆಲ್ಲ ತಿರುವುಮುರುವು. ಓಡಿಸುವವರು ನೀವು, ಪಕ್ಕದಲ್ಲಿ ಕುಳಿತು ಹೇಳಿಕೊಡುವವರು ಅವರು. ಮುಟ್ಟಬೇಕಾದ ನೆತ್ತಿ ಎಂಬುದೊಂದಿಲ್ಲ. ಒಂದೇ ಎಸ್ಟೇಟಿನೊಳಗೆ ಸುತ್ತಾಡಿ ಹೊರಟಲ್ಲಿಗೇ ಮರಳುತ್ತೀರಿ. ವೇಗವೋ, ಬಹಳಷ್ಟು ಹೊತ್ತು ಚುರುಕು ನಡಿಗೆಗಿಂತ ತುಸು ಹೆಚ್ಚು. ಮಾಂದಲಪಟ್ಟಿಯ ಅಬ್ಬರವನ್ನು ನಿರೀಕ್ಷಿಸಿ ಹೋದವರಿಗೆ ಮೊದಲ ಅರ್ಧ ಗಂಟೆ ‘ಇಷ್ಟೇನಾ’ ಎನ್ನಿಸುತ್ತದೆ. ಆ ನಿಧಾನದಲ್ಲೇ ವಿದ್ಯೆ ಇದೆ ಎಂಬುದು ಮೊದಲ ಇಳಿಜಾರಿನ ಅಂಚಿಗೆ ಬಂದು ನಿಂತಾಗ ತಿಳಿಯುತ್ತದೆ.

ಮುಖ್ಯವಾಗಿ ಐದು ದಾರಿಗಳಿವೆ: ತರಬೇತುದಾರರಿರುವ ಚಾಲನಾ ಕೇಂದ್ರ, ಅನುಭವಿ ಚಾಲಕನ ಹಿಂದೆ ಸುಮ್ಮನೆ ಕುಳಿತು ನೋಡುವ ಸಫಾರಿ, ಸಾರ್ವಜನಿಕ ಹಕ್ಕಿರುವ ಹಳೆಯ ಮಣ್ಣಿನ ಹಾದಿಗಳು, ದಿನದ ಶುಲ್ಕ ಕಟ್ಟಿ ಸ್ವಂತ ಗಾಡಿ ನುಗ್ಗಿಸುವ ಖಾಸಗಿ ಮೈದಾನಗಳು, ಮತ್ತು ಡಾಂಬರು ಬಿಡದೆಯೇ ಎದೆ ನಡುಗಿಸುವ ಬೆಟ್ಟದ ರಸ್ತೆಗಳು.

ಮೊದಲ ಪ್ರಶ್ನೆ: ಗಾಡಿ ಯಾರದು?

ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ. ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ಪಡೆದ ಎಸ್‌ಯುವಿ ಎಷ್ಟೇ ದೈತ್ಯನಂತೆ ಕಂಡರೂ ಅದನ್ನು ಮಣ್ಣಿನ ಹಾದಿಗೆ ಇಳಿಸುವ ಯೋಚನೆ ಬೇಡ. ಡಾಂಬರು ಬಿಟ್ಟು ಓಡಿಸಬಾರದೆಂಬ ಷರತ್ತು ಬಾಡಿಗೆ ಒಪ್ಪಂದಗಳಲ್ಲಿ ಮಾಮೂಲು. ಅಲ್ಲಿ ತಳ ಬಡಿದರೆ, ನೀರು ನುಗ್ಗಿದರೆ ವಿಮೆ ಕೈಕೊಡುತ್ತದೆ. ಮೇಲಾಗಿ ಅಂಥ ಗಾಡಿಗಳಲ್ಲಿ ಎಷ್ಟೋ ಮುಂದಿನ ಎರಡು ಗಾಲಿಗಳಿಗೆ ಮಾತ್ರ ಶಕ್ತಿ ಕೊಡುವಂಥವು. ಹೊರನೋಟಕ್ಕೆ ಕಾಡಿನ ಸಲಗ, ಒದ್ದೆ ಹುಲ್ಲಿನ ಮೇಲೆ ನಿಂತರೆ ಪರದಾಟ.

ಭಾರತದ ಚಾಲನಾ ಪರವಾನಗಿ ಇದ್ದವರು ಬ್ರಿಟನ್ನಿಗೆ ಬಂದ ದಿನದಿಂದ ಹನ್ನೆರಡು ತಿಂಗಳವರೆಗೆ ಅದರಲ್ಲಿಯೇ ಕಾರು ಓಡಿಸಬಹುದು. ಅಲ್ಲಿಯೇ ನೆಲೆಸಿದವರು ಅವಧಿ ಮುಗಿದ ಮೇಲೆ ಓಡಿಸಬೇಕಾದರೆ ಅಲ್ಲಿನ ಪರವಾನಗಿ ಪಡೆಯಬೇಕು. ಎಡಬದಿಯ ಸಂಚಾರ, ಬಲಗಡೆಯ ಸ್ಟಿಯರಿಂಗ್. ಆ ಮಟ್ಟಿಗೆ ನಮಗೆ ಹೊಸದಾಗಿ ಕಲಿಯುವುದೇನಿಲ್ಲ. ಚಾಲನಾ ಕೇಂದ್ರಗಳೂ ಪರವಾನಗಿಯನ್ನು ಕೇಳುತ್ತವೆ, ಆದ್ದರಿಂದ ಮೂಲ ಪ್ರತಿ ಕೈಯಲ್ಲಿರಲಿ. ಮೊಬೈಲಿನಲ್ಲಿರುವ ಚಿತ್ರವನ್ನು ನೆಚ್ಚಿಕೊಳ್ಳಬೇಡಿ.

ಈಸ್ಟ್‌ನರ್: ಕೋಟೆಯ ಹಿಂದಿನ ಕೆಸರು

ಸ್ವಂತ ಗಾಡಿ ಇಲ್ಲದ, ಹಿಂದೆಂದೂ ಆಫ್-ರೋಡ್ ಓಡಿಸದ ಕುಟುಂಬಕ್ಕೆ ನಾನು ಮೊದಲು ಹೇಳುವುದು ಲ್ಯಾಂಡ್ ರೋವರ್ ಕಂಪನಿಯ ಹೆಸರಿನಲ್ಲೇ ನಡೆಯುವ ಅನುಭವ ಕೇಂದ್ರಗಳನ್ನು. ಅವುಗಳಲ್ಲಿಯೂ ಹೆರಿಫರ್ಡ್‌ಶೈರ್‌ನ ಈಸ್ಟ್‌ನರ್‌ಗೆ ಒಂದು ತೂಕ ಹೆಚ್ಚು. ಮಾಲ್ವರ್ನ್ ಬೆಟ್ಟಸಾಲಿನ ಬುಡದಲ್ಲಿ ಈಸ್ಟ್‌ನರ್ ಕ್ಯಾಸಲ್ ಇದೆ. ನೋಡಲು ಮಧ್ಯಯುಗದ ಕೋಟೆ, ನಿಜದಲ್ಲಿ 1810ರ ದಶಕದಲ್ಲಿ ಕಟ್ಟಿದ ಶ್ರೀಮಂತರ ಮನೆ. ವಿನ್ಯಾಸ ಮಾಡಿದವರು ರಾಬರ್ಟ್ ಸ್ಮರ್ಕ್. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಕಟ್ಟಡವೂ ಅವರದೇ. ಈ ಎಸ್ಟೇಟಿನ ಕಾಡಿನಲ್ಲಿ ಲ್ಯಾಂಡ್ ರೋವರ್ ಕಂಪನಿ 1960ರ ದಶಕದ ಆರಂಭದಿಂದಲೂ ತನ್ನ ಗಾಡಿಗಳನ್ನು ಪರೀಕ್ಷಿಸುತ್ತ ಬಂದಿದೆ. ಜಿಗುಟಾದ ಜೇಡಿಮಣ್ಣು, ಬೇರು ಚಾಚಿದ ಕಾಡುಹಾದಿ, ತೊರೆ, ಕಡಿದಾದ ಏರು, ಎಲ್ಲವೂ ಒಂದೇ ಬೇಲಿಯೊಳಗೆ. ಹತ್ತಿರದ ರೈಲು ನಿಲ್ದಾಣ ಲೆಡ್‌ಬರಿ. ಅಲ್ಲಿಂದ ಟ್ಯಾಕ್ಸಿಯ ಪುಟ್ಟ ಪ್ರಯಾಣ.

ಅಲ್ಲಿ ನಡೆಯುವುದು ಹೀಗೆ. ಪರವಾನಗಿ ತೋರಿಸಿ, ಕಾಗದಕ್ಕೆ ಸಹಿ ಹಾಕಿ, ಸೀಟು ಸರಿಮಾಡಿಕೊಂಡ ಮೇಲೆ ಹೇಳಿಕೊಡುವ ಮೊದಲ ಪಾಠ ಹೆಬ್ಬೆರಳಿನದು. ಸ್ಟಿಯರಿಂಗಿನ ಒಳಗೆ ಹೆಬ್ಬೆರಳು ಸುತ್ತಿ ಹಿಡಿಯಬಾರದು, ಹೊರಗಿನಿಂದಲೇ ಹಿಡಿಯಬೇಕು. ಗಾಲಿ ಕಲ್ಲಿಗೆ ಬಡಿದು ಸ್ಟಿಯರಿಂಗ್ ತಟಕ್ಕನೆ ತಿರುಗಿದರೆ ಬೆರಳು ಉಳುಕುತ್ತದೆ. ಆಮೇಲೆ ಲೋ ರೇಂಜ್ ಗೇರು, ಅಂದರೆ ವೇಗ ತಗ್ಗಿಸಿ ಎಳೆಯುವ ಬಲ ಹೆಚ್ಚಿಸುವ ಗೇರು. ಇದು ಬಿದ್ದೊಡನೆ ಗಾಡಿಯ ಸ್ವಭಾವವೇ ಬದಲಾಗುತ್ತದೆ: ಎಂಜಿನ್ ಗುರುಗುಟ್ಟುತ್ತದೆ, ಗಾಡಿ ಮಾತ್ರ ತೆವಳುತ್ತದೆ. ಸಾಧ್ಯವಾದಷ್ಟು ನಿಧಾನ, ಬೇಕೇಬೇಕಾದಷ್ಟು ಮಾತ್ರ ವೇಗ ಎಂಬುದು ಇಡೀ ದಿನದ ಸೂತ್ರ.

ಮೊದಲ ಕಡಿದಾದ ಏರಿನಲ್ಲಿ ಬಾನೆಟ್ ಮೇಲೆದ್ದು ಮುಂದಿನ ಗಾಜಿನ ತುಂಬ ಆಕಾಶವೇ ಕಾಣುತ್ತದೆ. ದಾರಿ ಎಲ್ಲಿದೆ ಎಂಬುದು ಪಕ್ಕದವರ ಮಾತಿನಿಂದ ಮಾತ್ರ ಗೊತ್ತಾಗಬೇಕು: ‘ನೇರ, ನೇರ, ಚೂರು ಎಡ, ಈಗ ಕಾಲು ಸಡಿಲಿಸಿ.’ ನೆತ್ತಿ ದಾಟಿದ ಕೂಡಲೇ ಗಾಡಿ ಮೂತಿ ಕೆಳಗೆ ಮಾಡುತ್ತದೆ, ಸೀಟ್ ಬೆಲ್ಟ್ ಎದೆಗೆ ಒತ್ತುತ್ತದೆ, ಹಿಂದಿನಿಂದ ಯಾರೋ ‘ಅಯ್ಯೋ ದೇವರೇ’ ಎನ್ನುತ್ತಾರೆ. ಆ ಹೊತ್ತಿನಲ್ಲಿ ಬರುವ ಸೂಚನೆಯೇ ವಿಚಿತ್ರ: ಬ್ರೇಕಿನಿಂದ ಕಾಲು ತೆಗೆಯಿರಿ. ದೇಹದ ನರನಾಡಿಯೆಲ್ಲ ಬ್ರೇಕ್ ಒತ್ತು ಎನ್ನುತ್ತಿರುವಾಗ ಕಾಲು ತೆಗೆಯುವುದು ಸುಲಭವಲ್ಲ. ಹೊಸ ಗಾಡಿಗಳಲ್ಲಿ ಇಳಿಜಾರಿನ ವೇಗವನ್ನು ಗಾಡಿಯೇ ಹಿಡಿದಿಡುತ್ತದೆ. ಹಳೆಯವುಗಳಲ್ಲಿ ಲೋ ರೇಂಜಿನ ಮೊದಲ ಗೇರು ಅದೇ ಕೆಲಸ ಮಾಡುತ್ತದೆ. ಜಾರುವ ಮಣ್ಣಿನಲ್ಲಿ ಬ್ರೇಕ್ ಗಟ್ಟಿಯಾಗಿ ಒತ್ತಿ ಗಾಲಿ ಕಚ್ಚಿಕೊಂಡರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ, ಅದಕ್ಕಾಗಿ ಈ ನಿಯಮ. ಏರುವಾಗ ನಡುವೆ ಸಿಕ್ಕಿಕೊಂಡರೂ ಹಾಗೆಯೇ: ಗಾಡಿಯನ್ನು ಅಡ್ಡ ತಿರುಗಿಸುವ ಗೋಜಿಗೆ ಹೋಗಬಾರದು, ರಿವರ್ಸ್ ಗೇರಿನಲ್ಲಿ ಬಂದ ಜಾಡಿನಲ್ಲೇ ನೇರವಾಗಿ ಹಿಂದಕ್ಕೆ ಇಳಿಯಬೇಕು. ಅಡ್ಡ ತಿರುಗಿದರೆ ಉರುಳುವ ಅಪಾಯ.

ನೀರಿಗೆ ಇಳಿಯುವುದು ಮಕ್ಕಳ ಮೆಚ್ಚಿನ ಭಾಗ. ಜಾಹೀರಾತಿನ ಚಿಮ್ಮುವ ನೀರು ಇಲ್ಲಿಲ್ಲ. ಮೆಲ್ಲಗೆ ಇಳಿದು, ಬಾನೆಟ್ಟಿನ ಮುಂದೆ ಒಂದು ಅಲೆ ಎಬ್ಬಿಸಿ, ಆ ಅಲೆಯ ಹಿಂದೆಯೇ ಅದೇ ವೇಗದಲ್ಲಿ ಸಾಗಬೇಕು. ಆಗ ಎಂಜಿನ್ನಿನ ಬಳಿ ನೀರಿನ ಮಟ್ಟ ತಗ್ಗಿರುತ್ತದೆ. ನೀರು ಬಾಗಿಲಿನ ಹೊರಗೆ ಏರುತ್ತಿರುವುದು ಹಿಂದಿನ ಕಿಟಕಿಯಿಂದಲೇ ಚೆನ್ನಾಗಿ ಕಾಣುತ್ತದೆ. ಇಡೀ ಅನುಭವದಲ್ಲಿ ಹಿಂದಿನ ಸೀಟು ಮುಂದಿನದಕ್ಕಿಂತ ಮೇಲು ಎನ್ನಿಸುವುದು ಇದೊಂದೇ ಕಡೆ.

ಲ್ಯಾಂಡ್ ರೋವರ್‌ನ ಡಿಫೆಂಡರ್ ಎಂಬ ಮಾದರಿಯಲ್ಲಿ ಹಳೆಯದು ಬೇಕೇ, ಹೊಸದು ಬೇಕೇ ಎಂಬ ಪ್ರಶ್ನೆ ಹಲವು ಖಾಸಗಿ ಕೇಂದ್ರಗಳಲ್ಲಿ ಎದುರಾಗುತ್ತದೆ. ಲ್ಯಾಂಡ್ ರೋವರ್ ಮೊದಲು ಜನರ ಮುಂದೆ ಬಂದದ್ದು 1948ರ ಆಮ್‌ಸ್ಟರ್‌ಡಾಂ ಪ್ರದರ್ಶನದಲ್ಲಿ. ಆ ಮೂಲ ಗಾಡಿಯ ವಂಶದ ಕೊನೆಯ ಡಿಫೆಂಡರ್ ಸೊಲಿಹಲ್ ಕಾರ್ಖಾನೆಯಿಂದ ಹೊರಬಂದದ್ದು 2016ರ ಜನವರಿ 29ರಂದು. ಈಗಿನ ಡಿಫೆಂಡರ್ ಹೆಸರಿಗೆ ಅದೇ, ತಯಾರಾಗುವುದು ಸ್ಲೊವಾಕಿಯಾದಲ್ಲಿ. ನಡುವೆ 2008ರಲ್ಲಿ ಕಂಪನಿಯೇ ನಮ್ಮ ಟಾಟಾ ಮೋಟಾರ್ಸ್ ತೆಕ್ಕೆಗೆ ಬಂದಿತು. ಊರಿನಿಂದ ಬಂದ ಹಿರಿಯರಿಗೆ ಈ ಸಂಗತಿ ಹೇಳಿ ನೋಡಿ, ಅಲ್ಲಿಯವರೆಗೆ ಮುಖ ಗಂಟು ಹಾಕಿಕೊಂಡಿದ್ದವರೂ ಗಾಡಿಯನ್ನು ಇನ್ನೊಮ್ಮೆ ಸುತ್ತಿ ನೋಡುತ್ತಾರೆ. ಹಳೆಯ ಡಿಫೆಂಡರಿನಲ್ಲಿ ಏರ್‌ಬ್ಯಾಗ್ ಇಲ್ಲ, ಮೊಣಕೈ ಬಾಗಿಲಿಗೆ ತಾಗುತ್ತದೆ, ಸದ್ದು ಜೋರು. ಅರ್ಧ ಮೀಟರ್ ಆಳದ ನೀರು ಅದರ ಮಿತಿ. ಗಾಳಿಯ ಒತ್ತಡದಿಂದ ಗಾಡಿಯನ್ನು ಮೇಲೆತ್ತುವ ಏರ್ ಸಸ್ಪೆನ್ಷನ್ ಇರುವ ಹೊಸದು 900 ಮಿಲಿಮೀಟರ್ ನೀರಿಗೂ ಇಳಿಯುತ್ತದೆ. ಒಬ್ಬರೇ ಹೋಗುವುದಾದರೆ ನಾನು ಕಣ್ಣು ಮುಚ್ಚಿ ಹಳೆಯದನ್ನು ಆರಿಸಿಕೊಳ್ಳುತ್ತೇನೆ. ಗೇರು, ಕ್ಲಚ್, ಮಣ್ಣು ಎಲ್ಲದರ ಜೊತೆ ನೇರ ಮಾತುಕತೆ ಅದರಲ್ಲಿದೆ. ಹಿಂದೆ ಮಗು, ಅಜ್ಜಿ ಇದ್ದರೆ ಹೊಸದೇ ಸರಿ.

ಅವಧಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಕುಟುಂಬಕ್ಕೆ ಒಂದು ಗಂಟೆಯದು ಅಥವಾ ಹೆಚ್ಚೆಂದರೆ ಅರ್ಧ ದಿನದ್ದು ಸಾಕು. ಪೂರ್ತಿ ದಿನದ ಪಾಠ ಓಡಿಸುವವರಿಗೆ ರಸಗವಳ, ಉಳಿದವರಿಗೆ ಶಿಕ್ಷೆ. ಅರ್ಧ ದಿನಕ್ಕೇ ಕೆಲವು ನೂರು ಪೌಂಡ್ ಬೀಳುವ ಬಾಬತ್ತು ಇದು. ಹಾಗಾಗಿ ದರ ಗಾಡಿಗೋ ತಲೆಗೋ ಎಂದು ಮೊದಲೇ ಕೇಳಿ. ಗಾಡಿಗೆ ಎಂದಾದರೆ ಮೂವರು ಜೊತೆಗೆ ಕೂರಬಹುದು, ಇಬ್ಬರು ಸರದಿಯಲ್ಲಿ ಓಡಿಸಲೂಬಹುದು, ಖರ್ಚು ಹಂಚಿಹೋಗುತ್ತದೆ. ಹೆಂಡತಿಗೆ ಪರವಾನಗಿ ಇದ್ದರೆ ಅವರ ಹೆಸರನ್ನೂ ಚಾಲಕರ ಪಟ್ಟಿಯಲ್ಲಿ ಬರೆಸಿ. ನಡುವೆ ಸೀಟು ಬದಲಾಯಿಸಿಕೊಂಡರೆ ಗಂಡನಿಗೂ ಹಿಂದಿನ ಸೀಟಿನ ಕಷ್ಟ ತಿಳಿದೀತು.

ಬರ್ಮಿಂಗ್‌ಹ್ಯಾಂ ಪಕ್ಕದ ಸೊಲಿಹಲ್‌ನಲ್ಲಿ ಕಾರ್ಖಾನೆಗೆ ಅಂಟಿಕೊಂಡೇ ಒಂದು ಹಾದಿ ಇದೆ, ಜಂಗಲ್ ಟ್ರ್ಯಾಕ್ ಎಂದು ಹೆಸರು. ನಗರದಿಂದ ಹೋಗಿ ಬರಲು ಸುಲಭ, ಅಡ್ಡಿಗಳು ಒತ್ತೊತ್ತಾಗಿವೆ. ಆದರೆ ಹಳ್ಳಿಗಾಡು ನೋಡಬೇಕೆಂದು ಬಂದವರಿಗೆ ಅಲ್ಲಿ ಹಳ್ಳಿಗಾಡು ಸಿಗುವುದಿಲ್ಲ. ಎರಡರಲ್ಲಿ ಒಂದು ಎಂದರೆ ನನ್ನ ಮತ ಈಸ್ಟ್‌ನರ್‌ಗೆ.

ಹದಿಹರೆಯದವರಿದ್ದರೆ

ಬ್ರಿಟನ್ನಿನ ಸಾರ್ವಜನಿಕ ರಸ್ತೆಯಲ್ಲಿ ಕಾರು ಓಡಿಸಲು ಹದಿನೇಳು ತುಂಬಿರಬೇಕು. ಸಾರ್ವಜನಿಕರಿಗೆ ಪ್ರವೇಶವಿಲ್ಲದ ಖಾಸಗಿ ಜಮೀನಿಗೆ ಆ ನಿಯಮ ಅನ್ವಯಿಸುವುದಿಲ್ಲ. ಈ ಸಂದಿಯಲ್ಲೇ ಮಕ್ಕಳ ಚಾಲನಾ ತರಗತಿಗಳು ಹುಟ್ಟಿಕೊಂಡಿವೆ: ತರಬೇತುದಾರರು ಪಕ್ಕದಲ್ಲಿದ್ದು ಹದಿಮೂರರ ಹುಡುಗಿಗೂ ನಾಲ್ಕೂ ಗಾಲಿಗೆ ಶಕ್ತಿ ಹರಿಯುವ ನಿಜವಾದ ಗಾಡಿಯನ್ನು ಬಯಲಿನಲ್ಲಿ ಓಡಿಸಲು ಕೊಡುತ್ತಾರೆ. ವಯಸ್ಸಿನ ಮಿತಿ ಕೇಂದ್ರದಿಂದ ಕೇಂದ್ರಕ್ಕೆ ಬೇರೆ. ಎಷ್ಟೋ ಕಡೆ ವಯಸ್ಸಿಗಿಂತ ಎತ್ತರ ಮುಖ್ಯ, ಕಾಲು ಪೆಡಲಿಗೆ ಎಟುಕಬೇಕಲ್ಲ.

ನನ್ನನ್ನು ಕೇಳಿದರೆ, ಮನೆಯಲ್ಲಿ ಹದಿಹರೆಯದವರಿದ್ದರೆ ಅಪ್ಪ ತನ್ನ ದುಡ್ಡನ್ನು ತನ್ನ ಅರ್ಧ ದಿನಕ್ಕೆ ಹಾಕುವ ಬದಲು ಮಕ್ಕಳ ಒಂದು ಗಂಟೆಗೆ ಹಾಕುವುದು ಲೇಸು. ಮೊಬೈಲಿನಿಂದ ತಲೆ ಎತ್ತದ ಮಗ ಲೋ ರೇಂಜ್ ಗೇರು ಹಾಕಿ ಕ್ಲಚ್ ಬಿಡುವಾಗ ತೋರುವ ಏಕಾಗ್ರತೆಯನ್ನು ಗಣಿತದ ಪುಸ್ತಕದ ಮುಂದೆ ಯಾರೂ ಕಂಡಿರಲಾರರು.

ಅಜ್ಜ ಅಜ್ಜಿಯರಿಗೆ ಸಫಾರಿ

ಓಡಿಸುವ ಹಂಬಲ ಯಾರಿಗೂ ಇಲ್ಲದಿದ್ದರೆ, ಅಥವಾ ಇರುವ ಒಬ್ಬರನ್ನು ಒಪ್ಪಿಸಲು ಸಾಧ್ಯವಾದರೆ, ಎಲ್ಲರಿಗೂ ನೆಮ್ಮದಿಯ ಆಯ್ಕೆ ಇದು. ನೈಋತ್ಯ ಇಂಗ್ಲೆಂಡಿನ ಎಕ್ಸ್‌ಮೂರ್ ರಾಷ್ಟ್ರೀಯ ಉದ್ಯಾನದಲ್ಲಿ ಸ್ಥಳೀಯರು ಲ್ಯಾಂಡ್ ರೋವರ್ ಮಾದರಿಯ ಗಾಡಿಗಳಲ್ಲಿ ಕರೆದೊಯ್ಯುತ್ತಾರೆ. ಕೆಂಪು ಜಿಂಕೆಗಳು ಮತ್ತು ಎಕ್ಸ್‌ಮೂರ್ ಪೋನಿ ಎಂಬ, ಮೂತಿಯ ಸುತ್ತ ಹಿಟ್ಟು ಬಳಿದಂತೆ ಕಾಣುವ ಗಿಡ್ಡ ಕುದುರೆಗಳು ಇಲ್ಲಿನ ಆಕರ್ಷಣೆ. ಡಲ್ವರ್ಟನ್, ಎಕ್ಸ್‌ಫರ್ಡ್, ಡನ್‌ಸ್ಟರ್‌ನಂಥ ಊರುಗಳು ಇಂಥ ಓಡಾಟಕ್ಕೆ ಅನುಕೂಲ. ಅಕ್ಟೋಬರಿನಲ್ಲಿ ಗಂಡು ಜಿಂಕೆಗಳು ಕೂಗುತ್ತ ಕಾದಾಡುವ ಕಾಲ. ವರ್ಷದಲ್ಲಿ ಒಮ್ಮೆ ಮಾತ್ರ ಹೋಗುವುದಾದರೆ ಆಗ ಹೋಗಿ.

ಲಂಡನ್ನಿಗೆ ಸಮೀಪದಲ್ಲಿಯೇ ಬೇಕೆಂದರೆ ವೆಸ್ಟ್ ಸಸೆಕ್ಸ್‌ನ ನೆಪ್ ಎಸ್ಟೇಟ್ ಇದೆ. ಸುಮಾರು 3,500 ಎಕರೆ ಕೃಷಿಭೂಮಿ. ಬೇಸಾಯದಲ್ಲಿ ನಷ್ಟವಾಗಿ ಮಾಲೀಕರು 2000ರ ದಶಕದ ಆರಂಭದಿಂದ ಅದನ್ನು ಕಾಡು ಬೆಳೆಯಲು ಬಿಟ್ಟರು. ಉದ್ದ ಕೊಂಬಿನ ದನಗಳು, ಹಂದಿ, ಜಿಂಕೆ ಎಲ್ಲ ಅಲ್ಲಿ ತಮ್ಮಷ್ಟಕ್ಕೆ ಮೇಯುತ್ತವೆ. ಶತಮಾನಗಳ ನಂತರ ಬ್ರಿಟನ್ನಿನಲ್ಲಿ ಬಿಳಿ ಕೊಕ್ಕರೆಗಳು ಸ್ವತಂತ್ರವಾಗಿ ಗೂಡು ಕಟ್ಟಿ 2020ರಲ್ಲಿ ಮರಿ ಮಾಡಿದ್ದು ಇಲ್ಲಿಯೇ. ಇಲ್ಲಿ ಗಾಡಿ ನೆಪಮಾತ್ರ. ಇಳಿದು ನೋಡುವುದು, ಕೇಳುವುದೇ ಹೆಚ್ಚು. ಮಕ್ಕಳಿಗೆ ಕನಿಷ್ಠ ವಯಸ್ಸಿನ ನಿಯಮ ಇರುವ ಸಫಾರಿಗಳುಂಟು, ಟಿಕೆಟ್ ತೆಗೆಯುವ ಮುನ್ನ ಓದಿಕೊಳ್ಳಿ. ನಾಗರಹೊಳೆಯೋ ಬಂಡೀಪುರವೋ ಕಂಡವರು ಹುಲಿ ಆನೆಗಳ ಲೆಕ್ಕ ಹಾಕಿಕೊಂಡು ಹೋದರೆ ಸಪ್ಪೆ ಎನ್ನಿಸಬಹುದು. ಹಕ್ಕಿ, ಚಿಟ್ಟೆಗಳ ಹುಚ್ಚಿರುವವರಿಗೆ ಹಬ್ಬ.

ಹಸಿರು ಹಾದಿಗಳು: ಚಂದ ಹೆಚ್ಚು, ತಕರಾರೂ ಹೆಚ್ಚು

ಸ್ವಂತ ಫೋರ್-ವೀಲ್ ಡ್ರೈವ್ ಗಾಡಿ ಇರುವ, ಇಂಗ್ಲೆಂಡಿನಲ್ಲೇ ನೆಲೆಸಿರುವ ಕುಟುಂಬಗಳಿಗೆ ಗ್ರೀನ್ ಲೇನ್ ಎಂದು ಕರೆಯುವ ಹಳೆಯ ಮಣ್ಣಿನ ಹಾದಿಗಳ ಸೆಳೆತ ದೊಡ್ಡದು. ಎತ್ತಿನ ಗಾಡಿ, ಕುದುರೆ ಗಾಡಿ, ದನದ ಮಂದೆ ಓಡಾಡಿದ ದಾರಿಗಳು ಇವು; ಎರಡೂ ಬದಿ ಮುಳ್ಳುಬೇಲಿ, ನಡುವೆ ಹುಲ್ಲು, ತಿರುವಿನಲ್ಲಿ ಒಂದು ಮರದ ಗೇಟು. ಶುಲ್ಕವಿಲ್ಲ, ಬುಕಿಂಗ್ ಇಲ್ಲ. ಆದರೆ ಕಣ್ಣಿಗೆ ಬಿದ್ದ ಮಣ್ಣಿನ ಹಾದಿಗೆಲ್ಲ ಗಾಡಿ ಇಳಿಸುವಂತಿಲ್ಲ.

ಇಂಗ್ಲೆಂಡಿನ ಸಾರ್ವಜನಿಕ ಹಾದಿಗಳಿಗೆ ದರ್ಜೆಗಳಿವೆ, ದರ್ಜೆಗೊಂದು ಬಣ್ಣದ ಬಾಣವಿದೆ. ಹಳದಿ ಬಾಣ ನಡೆದು ಹೋಗುವವರಿಗೆ ಮಾತ್ರ. ನೀಲಿ ಎಂದರೆ ಕುದುರೆ, ಸೈಕಲ್ ಕೂಡ. ನೇರಳೆ ಬಣ್ಣದ್ದಕ್ಕೆ ಕುದುರೆ ಗಾಡಿ ಸೇರುತ್ತದೆ, ಮೋಟಾರು ಸೇರುವುದಿಲ್ಲ. ಕೆಂಪು ಬಾಣ ಇರುವ, ಎಲ್ಲ ಸಂಚಾರಕ್ಕೂ ತೆರೆದ ಬೈವೇಗಳಲ್ಲಿ ಮಾತ್ರ ನಿಮ್ಮ ಗಾಡಿಗೆ ಹಕ್ಕು. ದರ್ಜೆ ನಿಗದಿಯಾಗದ ಕೆಲವು ಹಳೆಯ ಕೌಂಟಿ ರಸ್ತೆಗಳೂ ಇವೆ. ಅವುಗಳ ಸ್ಥಿತಿಗತಿ ತಿಳಿಯಲು ಸ್ಥಳೀಯ ಆಡಳಿತದ ದಾಖಲೆ ನೋಡಬೇಕು. 2006ರಲ್ಲಿ ಬಂದ ನೈಸರ್ಗಿಕ ಪರಿಸರ ಮತ್ತು ಗ್ರಾಮೀಣ ಸಮುದಾಯಗಳ ಕಾಯ್ದೆ ಅನೇಕ ಹಾದಿಗಳಲ್ಲಿ ಮೋಟಾರು ವಾಹನಗಳ ಹಕ್ಕನ್ನು ಕಿತ್ತುಹಾಕಿತು. ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಸ್ಟ್ಯಾನೇಜ್ ಬಂಡೆಸಾಲಿನ ಬಳಿಯ ಲಾಂಗ್ ಕಾಸ್‌ವೇ, ಚಾಪೆಲ್ ಗೇಟ್ ಮುಂತಾದ ಹೆಸರಾಂತ ಹಾದಿಗಳನ್ನು ಉದ್ಯಾನದ ಪ್ರಾಧಿಕಾರ ವಾಹನಗಳಿಗೆ ಮುಚ್ಚಿದೆ. ವಾಯವ್ಯ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಟಿಲ್ಬರ್ತ್‌ವೇಟ್ ಸುತ್ತಿನ ಹಾದಿಗಳ ಬಗ್ಗೆ ನಡಿಗೆಯವರು, ರೈತರು ಒಂದು ಕಡೆ, ಗಾಡಿಯವರು ಇನ್ನೊಂದು ಕಡೆ ನಿಂತು ವರ್ಷಗಟ್ಟಲೆ ಜಗ್ಗಾಡಿದ್ದಾರೆ. ದಕ್ಷಿಣದ ರಿಜ್‌ವೇಯಂಥ ಪ್ರಾಚೀನ ಹಾದಿಯ ಕೆಲವು ಭಾಗಗಳಲ್ಲಿ ಚಳಿಗಾಲದುದ್ದಕ್ಕೂ ವಾಹನ ನಿಷೇಧ ಇರುತ್ತದೆ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ರಾತ್ರಿ ಕುಳಿತು ಅಂತರ್ಜಾಲದಲ್ಲಿ ಯಾರೋ ಹತ್ತು ವರ್ಷದ ಹಿಂದೆ ಹಾಕಿದ ವಿಡಿಯೊ ನೋಡಿ ಬೆಳಗ್ಗೆ ಮಕ್ಕಳನ್ನು ಹತ್ತಿಸಿಕೊಂಡು ಹೊರಡುವುದು ಇಲ್ಲಿ ನಡೆಯುವ ಮಾತಲ್ಲ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:25,000 ಅಳತೆಯ ಎಕ್ಸ್‌ಪ್ಲೋರರ್ ನಕ್ಷೆ, ಸ್ಥಳೀಯ ಆಡಳಿತದ ತಾಜಾ ಮಾಹಿತಿ, ದಾರಿಯಲ್ಲಿ ನೆಟ್ಟಿರುವ ಫಲಕ, ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಇಳಿಯಿರಿ. ಕಾಲುಹಾದಿಯಲ್ಲಿ ಅನುಮತಿಯಿಲ್ಲದೆ ಕಾರು ಓಡಿಸುವುದು ಅಪರಾಧ. ಜನರಿಗೆ ಗಾಬರಿ, ಕಿರಿಕಿರಿ ಆಗುವಂತೆ ಓಡಿಸಿದರೆ 2002ರ ಪೊಲೀಸ್ ಸುಧಾರಣಾ ಕಾಯ್ದೆಯ 59ನೇ ಕಲಮಿನಡಿ ಪೊಲೀಸರು ಗಾಡಿಯನ್ನೇ ವಶಕ್ಕೆ ಪಡೆಯಬಹುದು. ಬೈವೇ ಕೂಡ ಸಾರ್ವಜನಿಕ ರಸ್ತೆಯೇ, ಹಾಗಾಗಿ ತೆರಿಗೆ, ವಿಮೆ, ಗಾಡಿಯ ಸುಸ್ಥಿತಿ ನೋಡುವ ವಾರ್ಷಿಕ ಎಂಒಟಿ ತಪಾಸಣೆ ಎಲ್ಲ ಸರಿಯಾಗಿರಬೇಕು. ಹದಿನಾರರ ಮಗನಿಗೆ ‘ಯಾರೂ ಇಲ್ಲವಲ್ಲ, ಸ್ವಲ್ಪ ಓಡಿಸು’ ಎನ್ನುವ ಹಾಗಿಲ್ಲ.

ಇದನ್ನೆಲ್ಲ ನಿಭಾಯಿಸಿದ ಮೇಲೆ ಸಿಗುವ ಸುಖ ಬೇರೆಯದೇ. ಈ ಐದೂ ಆಯ್ಕೆಗಳಲ್ಲಿ ಹಳ್ಳಿಗಾಡಿನೊಳಗೆ ನಿಜವಾಗಿ ಕರೆದೊಯ್ಯುವುದು ಇದೊಂದೇ. ಮೊದಲ ಸಲಕ್ಕೆ ವಿಲ್ಟ್‌ಶೈರ್‌ನ ಸಾಲಿಸ್ಬರಿ ಬಯಲು ನನ್ನ ಆಯ್ಕೆ. ಸುಣ್ಣಕಲ್ಲಿನ ಅಗಲವಾದ ಹಾದಿಗಳು, ದೂರದವರೆಗೆ ಕಾಣುವ ಹುಲ್ಲುಗಾವಲು, ಭಯಂಕರ ಏರಿಳಿತಗಳಿಲ್ಲ. ಸ್ಟೋನ್‌ಹೆಂಜ್ ಪಕ್ಕದಲ್ಲೇ ಹಾದುಹೋಗುವ ಬೈವೇ ಕೂಡ ಇದೆ. ಬಯಲಿನ ದೊಡ್ಡ ಭಾಗ ಸೇನೆಯ ತರಬೇತಿ ಪ್ರದೇಶ. ಕೆಂಪು ಬಾವುಟ ಹಾರುತ್ತಿದ್ದರೆ ಆ ಕಡೆಗೆ ಹೋಗಬಾರದು, ನೆಲದಲ್ಲಿ ಬಿದ್ದ ಲೋಹದ ಯಾವ ವಸ್ತುವನ್ನೂ ಮಕ್ಕಳು ಮುಟ್ಟಬಾರದು. ಒದ್ದೆಯಾದ ಸುಣ್ಣಕಲ್ಲು ಸೋಪಿನಂತೆ ಜಾರುತ್ತದೆ, ಮಳೆಯ ಮರುದಿನ ಹೋಗಬೇಡಿ.

ಹಾದಿಯ ರೀತಿನೀತಿ ಸರಳ. ಕುದುರೆ ಸವಾರರು ಎದುರಾದರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಗೇಟು ಹೇಗಿತ್ತೋ ಹಾಗೆಯೇ ಬಿಡಿ. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ಇಳಿದು ಗೇಟು ತೆಗೆಯುವ ಹುದ್ದೆಯನ್ನು ಮಕ್ಕಳಿಗೆ ಕೊಟ್ಟರೆ ಹಿಂದಿನ ಸೀಟಿನ ಬೇಸರ ಅರ್ಧ ಕಡಿಮೆ. ವಸಂತದಲ್ಲಿ ಕುರಿಮರಿಗಳ ಕಾಲ, ಸದ್ದು ತಗ್ಗಿಸಿ. ಒಂಟಿ ಗಾಡಿಯಲ್ಲಿ ಹೋಗಬೇಡಿ, ಹಾಗೆಂದು ದಂಡು ಕಟ್ಟಿಕೊಂಡೂ ಹೋಗಬೇಡಿ. ಎರಡು ಮೂರು ಗಾಡಿ ಸಾಕು. 1995ರಿಂದ ಇರುವ ಗ್ರೀನ್ ಲೇನ್ ಅಸೋಸಿಯೇಷನ್ ಎಂಬ ಸಂಘ ಹಾದಿಗಳ ಮಾಹಿತಿ ಮತ್ತು ನಡತೆಯ ನಿಯಮಾವಳಿ ಒದಗಿಸುತ್ತದೆ. ಮುಂದೆ ಒಬ್ಬ ಮಾರ್ಗದರ್ಶಕ, ಹಿಂದೆ ನಿಮ್ಮ ಗಾಡಿ ಎಂಬ ವ್ಯವಸ್ಥೆಯೂ ಹಣ ಕೊಟ್ಟರೆ ಸಿಗುತ್ತದೆ. ಮೊದಲ ಒಂದೆರಡು ಸಲ ಆ ಹಣ ಸಾರ್ಥಕ.

ಶುಲ್ಕದ ಮೈದಾನಗಳು

ಹಳೆಯ ಕಲ್ಲುಗಣಿ, ಕಾಡಿನ ತುಂಡು, ರೈತನ ಬರಡು ಇಳಿಜಾರು. ವಾರಾಂತ್ಯದಲ್ಲಿ ಗೇಟಿನ ಬಳಿ ದಿನದ ಶುಲ್ಕ ಕಟ್ಟಿ ಸ್ವಂತ ಗಾಡಿ ಒಳಗೆ ಬಿಡಬಹುದು. ಗಾಡಿಗೆ ಮುಂದೆ ಹಿಂದೆ ಎಳೆಯುವ ಗಟ್ಟಿ ಕೊಂಡಿಗಳಿರಬೇಕು, ಏಕೆಂದರೆ ಸಿಕ್ಕಿಕೊಳ್ಳುವುದು ಖಂಡಿತ. ಗಾಡಿ ಪ್ರಿಯರ ಬಳಗದೊಂದಿಗೆ ಹೋಗಲು ಪ್ರಶಸ್ತ ಜಾಗ. ಬಾಗಿಲಿಗೆ ಗೀರು ಬಿದ್ದರೆ ಎದೆ ಒಡೆದುಕೊಳ್ಳುವವರಿಗೆ ಅಲ್ಲ. ಕುಟುಂಬಕ್ಕೆ ಎಂದು ಕೇಳಿದರೆ ನಾನು ಬೇಡ ಎನ್ನುತ್ತೇನೆ. ದಿನವಿಡೀ ಒಬ್ಬರು ಕೆಸರಿನಲ್ಲಿ ಗಾಲಿ ತಿರುಗಿಸುವುದು, ಉಳಿದವರು ದಂಡೆಯಲ್ಲಿ ಚಳಿಗೆ ನಡುಗುತ್ತ ನಿಲ್ಲುವುದು, ಇದೇ ಅಲ್ಲಿನ ಮಾಮೂಲು ದೃಶ್ಯ. ನಾಲ್ಕು ಗಾಲಿಯ ಕ್ವಾಡ್ ಬೈಕ್, ತೆರೆದ ಪುಟ್ಟ ಬಗ್ಗಿಗಳದೂ ಹೆಚ್ಚುಕಡಿಮೆ ಇದೇ ಕಥೆ: ಹದಿಹರೆಯದವರಿಗೆ ಸರಿ, ಮನೆಮಂದಿ ಒಟ್ಟಿಗೆ ಕೂರುವ ಗಾಡಿಗಳಲ್ಲ.

ಡಾಂಬರಿನ ಮೇಲೆಯೇ ಸಾಹಸ

ಬಾಡಿಗೆ ಕಾರು, ಕಡಿಮೆ ಖರ್ಚು, ನಾಲ್ಕು ಜನ. ಈ ಲೆಕ್ಕಕ್ಕೆ ಲೇಕ್ ಡಿಸ್ಟ್ರಿಕ್ಟ್‌ನ ರೈನೋಸ್ ಮತ್ತು ಹಾರ್ಡ್‌ನಾಟ್ ಘಟ್ಟಗಳನ್ನು ಮೀರಿಸಿದ್ದು ಇಲ್ಲ. ಲಿಟಲ್ ಲ್ಯಾಂಗ್‌ಡೇಲ್‌ನಿಂದ ರೈನೋಸ್ ಹತ್ತಿ ಡಡನ್ ಕಣಿವೆಗೆ ಇಳಿದು, ಮತ್ತೆ ಹಾರ್ಡ್‌ನಾಟ್ ಹತ್ತಿ ಎಸ್ಕ್‌ಡೇಲ್‌ಗೆ ಇಳಿಯುವ ಒಂಟಿ ಕಾರಿನ ಅಗಲದ ರಸ್ತೆ ಇದು. ಹಾರ್ಡ್‌ನಾಟ್‌ನ ಅತಿ ಕಡಿದಾದ ಭಾಗದಲ್ಲಿ ಮೂರು ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಏರಬೇಕು. ಆಗುಂಬೆಯ ತಿರುವುಗಳನ್ನು ಕಂಡವರಿಗೆ ತಿರುವು ಹೊಸದಲ್ಲ. ಇಲ್ಲಿ ಕಂಗೆಡಿಸುವುದು ರಸ್ತೆಯ ಇಕ್ಕಟ್ಟು ಮತ್ತು ಆ ಏರಿನ ನಡುವೆ ಎದುರಿನಿಂದ ಬರುವ ಕಾರು. ಏರುತ್ತಿರುವವರಿಗೆ ದಾರಿ ಬಿಡುವುದು ವಾಡಿಕೆ, ದಾಟಿಸಿಕೊಳ್ಳುವ ಜಾಗಗಳನ್ನು ಮೊದಲೇ ಗುರುತಿಟ್ಟುಕೊಳ್ಳುತ್ತ ಹೋಗಬೇಕು. ರಿವರ್ಸ್‌ನಲ್ಲಿ ಧೈರ್ಯವಿಲ್ಲದವರು, ಕ್ಯಾರವಾನ್ ಎಳೆಯುವವರು, ಹಿಮ ಬಿದ್ದ ದಿನ ಯಾರೂ ಇತ್ತ ಬರಬಾರದು. ಎಸ್ಕ್‌ಡೇಲ್ ಬದಿಯ ಇಳಿಜಾರಿನಲ್ಲಿ ಎರಡನೇ ಶತಮಾನದ ರೋಮನ್ ಕೋಟೆಯ ಅವಶೇಷವಿದೆ. ಕುಲುಕಾಟದಿಂದ ಸುಸ್ತಾದವರಿಗೆ ಇಳಿದು ಕಾಲು ಚಾಚಲು, ಮಕ್ಕಳಿಗೆ ಗೋಡೆಯಿಂದ ಗೋಡೆಗೆ ಓಡಲು ಒಳ್ಳೆಯ ಜಾಗ. ಉತ್ತರ ಯಾರ್ಕ್‌ಶೈರ್‌ನ ರೋಸ್‌ಡೇಲ್ ಚಿಮ್ನಿ ಬ್ಯಾಂಕ್ ಎಂಬ ಏರು ಕೂಡ ಇಷ್ಟೇ ಕಡಿದು, ಆದರೆ ಬೇಗ ಮುಗಿದುಹೋಗುತ್ತದೆ.

ಕೆಸರಿಲ್ಲದ ಮೇಲೆ ಇದು ಆಫ್-ರೋಡ್ ಅಲ್ಲ ಎಂದು ಶುದ್ಧಾಚಾರಿಗಳು ಮೂಗು ಮುರಿಯಬಹುದು. ಮುರಿಯಲಿ. ಹಿಂದಿನ ಸೀಟಿನವರಿಗೆ ನೋಟವೂ ಸಿಕ್ಕಿ, ಭಯವೂ ಸಿಕ್ಕಿ, ಬಟ್ಟೆ ಒಗೆಯುವ ಕೆಲಸ ಮಾತ್ರ ಸಿಗದ ದಾರಿ ಇದು.

ಯಾರು ಜೊತೆಗಿದ್ದಾರೆ ಎಂಬುದರ ಮೇಲೆ

ಪುಟ್ಟ ಮಕ್ಕಳಿದ್ದರೆ ಚಾಲನಾ ಕೇಂದ್ರದ ಒಂದು ಗಂಟೆ, ಅದೂ ಬೆಳಗ್ಗೆ. ಹನ್ನೆರಡು ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲು ಬರುತ್ತದೋ ಅಲ್ಲಿಯವರೆಗೆ ಬ್ರಿಟನ್ನಿನ ಕಾರುಗಳಲ್ಲಿ ಮಕ್ಕಳ ಸೀಟು ಕಡ್ಡಾಯ. ಕೇಂದ್ರದವರು ಸೀಟು ಕೊಡುತ್ತಾರೋ ನಾವೇ ತರಬೇಕೋ ಎಂಬುದನ್ನು ಫೋನಿನಲ್ಲೇ ಕೇಳಿಕೊಳ್ಳಿ. ಬಸ್ಸಿನಲ್ಲಿ ವಾಕರಿಕೆ ಬರುವ ಮಗುವಿಗೆ ಇಲ್ಲಿ ಬರದೇ ಇರುವುದಿಲ್ಲ. ಹೊಟ್ಟೆ ಬಿರಿಯುವ ಉಪಾಹಾರ ಬೇಡ, ಖಾಲಿ ಹೊಟ್ಟೆಯೂ ಬೇಡ, ಮೊಬೈಲ್ ಅಂತೂ ಕೊಡಲೇಬೇಡಿ.

ಬೆನ್ನು ಅಥವಾ ಕುತ್ತಿಗೆ ನೋವಿರುವ ಹಿರಿಯರನ್ನು, ಗರ್ಭಿಣಿಯರನ್ನು ಈ ಗಾಡಿಗಳಲ್ಲಿ ಕೂರಿಸುವುದು ತರವಲ್ಲ. ಕೇಂದ್ರದವರೇ ಬೇಡ ಎನ್ನುವುದುಂಟು. ಆದರೆ ಅವರನ್ನು ಮನೆಯಲ್ಲೇ ಬಿಟ್ಟು ಹೋಗಬೇಕಿಲ್ಲ. ಈಸ್ಟ್‌ನರ್‌ನಂಥ ಕಡೆ ಕೋಟೆ, ತೋಟ ತೆರೆದಿರುವ ದಿನವನ್ನೇ ನೋಡಿ ಬುಕ್ ಮಾಡಿದರೆ ಅವರು ಅಲ್ಲಿ ಅಡ್ಡಾಡುತ್ತಿರುತ್ತಾರೆ, ನೀವು ಕೆಸರಿನಲ್ಲಿ ಹೊರಳಾಡಿ ಬರುತ್ತೀರಿ. ಇಡೀ ಕುಟುಂಬ ಒಂದೇ ಗಾಡಿಯಲ್ಲಿ ಇರಲೇಬೇಕು ಎಂಬ ಹಟ ಬಿಟ್ಟರೆ ಎಷ್ಟೋ ದಾರಿಗಳು ತೆರೆಯುತ್ತವೆ.

ಕಾಲದ ಮಾತು. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಹಗಲು ಉದ್ದ, ನೆಲ ಗಟ್ಟಿ, ಗ್ರೀನ್ ಲೇನ್‌ಗಳಿಗೂ ಹಾರ್ಡ್‌ನಾಟ್‌ಗೂ ಅದೇ ಸರಿ. ಚಾಲನಾ ಕೇಂದ್ರಕ್ಕೆ ಮಾತ್ರ ನವೆಂಬರೋ ಫೆಬ್ರವರಿಯೋ ವಾಸಿ: ಕೆಸರು ಆಗಲೇ ನಿಜವಾದ ಕೆಸರು, ಒಳಗೆ ಹೀಟರ್ ಇದೆ, ಎಳೆದು ತೆಗೆಯಲು ಅವರ ಗಾಡಿ ಇದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಕತ್ತಲು, ಆದ್ದರಿಂದ ಮಧ್ಯಾಹ್ನದ ಸರದಿ ಕೊಟ್ಟರೆ ಒಪ್ಪಬೇಡಿ. ಮೊಣಕಾಲಿನವರೆಗಿನ ರಬ್ಬರ್ ಬೂಟು ಇಳಿದು ನೋಡುವವರಿಗೆ ಬೇಕು. ಓಡಿಸುವವರಿಗೆ ತೆಳು ಅಟ್ಟೆಯ ಶೂ ಇರಲಿ, ದಪ್ಪ ಬೂಟಿನಲ್ಲಿ ಪೆಡಲಿನ ಅಂದಾಜು ಸಿಗುವುದಿಲ್ಲ. ಹಳ್ಳಿಯ ಪಬ್ಬುಗಳಲ್ಲಿ ಮಧ್ಯಾಹ್ನದ ಅಡುಗೆ ಎರಡೂವರೆಗೋ ಮೂರಕ್ಕೋ ನಿಲ್ಲುವುದುಂಟು. ಸಸ್ಯಾಹಾರಿಗಳಿಗೆ ಸಿಪ್ಪೆಸಹಿತ ಬೇಯಿಸಿದ ಆಲೂಗಡ್ಡೆಯ ಮೇಲೆ ಚೀಸ್, ಸೂಪು, ಬ್ರೆಡ್ಡು ಸಿಕ್ಕೀತು, ಅದನ್ನು ನಂಬಿಕೊಂಡು ಅಜ್ಜಿಯನ್ನು ಕರೆದೊಯ್ಯಬೇಡಿ. ಚಪಾತಿ ಪಲ್ಯ, ಪುಳಿಯೋಗರೆ, ಫ್ಲಾಸ್ಕಿನಲ್ಲಿ ಕಾಫಿ ಕಾರಿನಲ್ಲಿರಲಿ.

ಉಡುಗೊರೆಯ ವೋಚರ್ ಕೊಳ್ಳುವವರಿಗೆ ಒಂದು ಮಾತು. ಹುಟ್ಟುಹಬ್ಬಕ್ಕೆಂದು ಗಂಡನಿಗೋ ಅಪ್ಪನಿಗೋ ಇವನ್ನು ಕೊಡುವುದು ಅಲ್ಲಿ ರೂಢಿ. ಅಗ್ಗದ ವೋಚರುಗಳಲ್ಲಿ ಅನೇಕವು ಒಬ್ಬರೇ ಓಡಿಸುವ, ಜೊತೆಗೆ ಯಾರನ್ನೂ ಕೂರಿಸದ, ನಿಮಿಷಗಳ ಲೆಕ್ಕದಲ್ಲಿ ಮುಗಿಯುವಂಥವು. ಜೊತೆಗೆ ಎಷ್ಟು ಜನ ಕೂರಬಹುದು, ಮಗುವಿಗೆ ಅವಕಾಶವಿದೆಯೇ, ಶನಿವಾರ ಭಾನುವಾರ ನಡೆಯುತ್ತದೆಯೇ, ಅವಧಿ ಮುಗಿಯುವುದು ಯಾವಾಗ, ಗಾಡಿಗೆ ಪೆಟ್ಟಾದರೆ ನಮ್ಮ ತಲೆಗೆ ಎಷ್ಟು ಬರುತ್ತದೆ, ಈ ಐದಕ್ಕೆ ಉತ್ತರ ಬರಹದಲ್ಲಿ ಸಿಕ್ಕ ಮೇಲೆ ಹಣ ಕಟ್ಟಿ.